ಅನುದಾನ ಕಡಿತವಾದರೆ ಯಾವುದಕ್ಕೆ ಕತ್ತರಿ ಹಾಕಬಾರದು?

ಪ್ರಶ್ನೆ: ನಮ್ಮದು ಚಿಕ್ಕ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ. ಈ ವರ್ಷ ಅನುದಾನದಲ್ಲಿ ಮೂರನೇ ಒಂದು ಭಾಗ ಖೋತಾ. ಕೆಲಸ ಕಳೆದುಕೊಂಡವರು, ಸಾಲಕ್ಕೆ ಸಿಕ್ಕವರು ಮಾತ್ರ ಹೆಚ್ಚೆಚ್ಚು ಬರುತ್ತಿದ್ದಾರೆ. ಎಲ್ಲ ಖರ್ಚನ್ನೂ ಸಮನಾಗಿ ಇಳಿಸೋಣ ಎನ್ನುತ್ತದೆ ಸಮಿತಿ. ಸರಿಯೇ?

ಉತ್ತರ: ಬೇಡ. ಕೆಲವು ಖರ್ಚುಗಳನ್ನು ಸ್ವಲ್ಪ ಇಳಿಸಿದರೂ ಸೇವೆಯೇ ಕುಸಿಯುತ್ತದೆ. ಔಷಧ ಅಂಥದ್ದು. ತೀವ್ರ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಸೇವಿಸುವವರಿಗೆ 48 ಗಂಟೆಗಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಡೋಸನ್ನು ನೇರವಾಗಿ ಕೊಡುವಂತಿಲ್ಲ; ವೈದ್ಯರು 12.5 ಮಿಲಿಗ್ರಾಂನಿಂದ ಮತ್ತೆ ಶುರುಮಾಡಿ ಮೆಲ್ಲಗೆ ಏರಿಸಬೇಕು. ಅಷ್ಟರಲ್ಲಿ ಕಾಯಿಲೆ ಮರುಕಳಿಸಿದರೆ ಆಸ್ಪತ್ರೆ ಸೇರಿಸಬೇಕಾದೀತು. ಉಳಿಸಿದ ದುಡ್ಡಿಗಿಂತ ಅದರ ಖರ್ಚೇ ದೊಡ್ಡದು. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂನ ರಕ್ತಪರೀಕ್ಷೆಯನ್ನೂ ಮುಟ್ಟಬೇಡಿ. ಗುಣಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ತೀರಾ ಕಡಿಮೆ. ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೆದರೆ ಮಾತ್ರ ಆ ಅಂಕಿಗೆ ಅರ್ಥ. ಜೊತೆಗೆ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳೂ ಕಾಲಕಾಲಕ್ಕೆ ಆಗಬೇಕು.

ಅನುದಾನದ ಕಂತು ತಡವಾಗುವುದು ಮಾಮೂಲು, ಹಾಗಾಗಿ ದಾಸ್ತಾನು ಲೆಕ್ಕ ಹೀಗಿರಲಿ: ಒಂದು ಮಾತ್ರೆ ತಿಂಗಳಿಗೆ 60 ಸ್ಟ್ರಿಪ್ ಖರ್ಚಾಗುತ್ತದೆ, ಆರ್ಡರ್ ಕೊಟ್ಟ ಮೇಲೆ ಬರಲು ಒಂದು ತಿಂಗಳು ಬೇಕು, ಎರಡು ತಿಂಗಳದ್ದು ಆಪತ್ಕಾಲಕ್ಕೆ. ಅಂದರೆ 180 ಉಳಿದಾಗಲೇ ಮುಂದಿನ ಆರ್ಡರ್ ಹೋಗಬೇಕು. ಅವಧಿ ಬೇಗ ಮುಗಿಯುವ ಪೆಟ್ಟಿಗೆ ಮುಂದಿರಲಿ.

ಉಳಿತಾಯಕ್ಕೆ ಜಾಗವಿರುವುದು ಮಾತಿನ ಚಿಕಿತ್ಸೆಯಲ್ಲಿ. ಸೌಮ್ಯ ಖಿನ್ನತೆ, ಆತಂಕಕ್ಕೆ ತರಬೇತಿ ಪಡೆದ ಕಾರ್ಯಕರ್ತರು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ವಿಧಾನದಲ್ಲಿ ವಾರಕ್ಕೊಂದರಂತೆ ಐದೇ ಭೇಟಿ. ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’ನಲ್ಲಿ ಬೆಂಚಿನ ಮೇಲೆ ಕೂತು ಮಾತಾಡಿಸುವವರು ಅಜ್ಜಿಯರು, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ನಂತರವೂ ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದವು. ಆದರೆ ಇಂಥ ಯೋಜನೆ ಕೆಡುವುದು ಒಂದೇ ಕಡೆ: ‘ಬರೀ ಮೀಟಿಂಗ್’ ಎಂದು ಮನೋವೈದ್ಯರು ನಡೆಸುವ ವಾರದ ಮೇಲ್ವಿಚಾರಣೆಯನ್ನು ಮೊದಲು ಕೈಬಿಡುತ್ತಾರೆ. ಆಮೇಲೆ ಕಾರ್ಯಕರ್ತರಿಗೆ ಸಲಹೆ ಮಾತ್ರ ಗೊತ್ತಿರುತ್ತದೆ, ಯಾರನ್ನು ವೈದ್ಯರ ಬಳಿ ಕಳಿಸಬೇಕೆಂಬುದು ಮರೆಯುತ್ತದೆ. ಕೆಲವರು ಬಳಲಿ ಬಿಟ್ಟೇ ಹೋಗುತ್ತಾರೆ. ಮನೋವೈದ್ಯರ ಒಂದು ಗಂಟೆ ಉಳಿಸಲು ಹೋಗಿ ಇಡೀ ತಂಡ ಕಳೆದುಕೊಳ್ಳಬೇಡಿ.

ಸಾಲ ಸಲಹೆಗಾರರನ್ನು ವಾರಕ್ಕೊಂದು ದಿನ ಕೇಂದ್ರದಲ್ಲೇ ಕೂರಿಸಿ. ಬೇರೆ ಕಚೇರಿಗೆ ಚೀಟಿ ಬರೆದುಕೊಟ್ಟರೆ ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಪ್ರಶ್ನೆ: ದಾನಿಗಳು ‘ಎಷ್ಟು ಜನ ಬಂದರು’ ಎಂದಷ್ಟೇ ಕೇಳುತ್ತಾರೆ. ಬೇರೇನು ತೋರಿಸಬಹುದು?

ಉತ್ತರ: ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಸಾಕು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಮೊದಲ ಮತ್ತು ಕೊನೆಯ ಭೇಟಿಯಲ್ಲಿ ತುಂಬಿಸಿ. 5 ಅಂಕ ಇಳಿದರೆ ನಿಜವಾದ ಸುಧಾರಣೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಡುವೆ ಬಿಟ್ಟುಹೋದವರ ಲೆಕ್ಕವನ್ನೂ ವರದಿಯಲ್ಲಿ ಕೊಡಿ, ಇಲ್ಲದಿದ್ದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಗುರುತು ಹಾಕಿದ್ದರೂ ಹಾಳೆ ಕಡತಕ್ಕೆ ಹೋಗುವ ಮುಂಚೆ, ಅದೇ ದಿನ, ಜವಾಬ್ದಾರಿಯುತ ಸಿಬ್ಬಂದಿ ಆ ವ್ಯಕ್ತಿಯನ್ನು ಕೂರಿಸಿಕೊಂಡು ಮಾತಾಡಬೇಕು.