ಮೊಬೈಲ್ ಟವರ್ ಎಲ್ಲಿದೆ, ಯಾರದು, ಯಾರನ್ನು ಕೇಳಬೇಕು?

ಈ ಬಾರಿಯ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಎದುರು ಸಾಲಿನ ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ ಕಳೆದ ದೀಪಾವಳಿಯ ಹೊತ್ತಿಗೆ ಮೊಬೈಲ್ ಟವರ್ ಎದ್ದು ನಿಂತಿತು. ಯಾವ ಕಂಪನಿಯದು ಎಂದು ಕೇಳಿದರೆ ಮಾಲೀಕರು ಮಾತು ಹಾರಿಸುತ್ತಾರೆ. ನಮ್ಮ ಬಡಾವಣೆಯ ಸುತ್ತ ಇಂಥವು ಇನ್ನೆಷ್ಟಿವೆ, ಅವು ನಿಯಮದಂತೆ ನಡೆಯುತ್ತಿವೆಯೇ ಎಂದು ಸಾಮಾನ್ಯರು ತಿಳಿಯಲು ದಾರಿ ಇದೆಯೇ?
– ಓದುಗರು, ತುಮಕೂರು

ಉತ್ತರ: ದಾರಿ ಇದೆ, ಅದಕ್ಕೆ ಮಾಲೀಕರ ಕೃಪೆ ಬೇಕಾಗಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯು 2017ರ ಮೇ ತಿಂಗಳಿನಲ್ಲಿ ‘ತರಂಗ್ ಸಂಚಾರ್’ ಎಂಬ ಜಾಲತಾಣವನ್ನು ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿ ಊರಿನ ಅಥವಾ ಬಡಾವಣೆಯ ಹೆಸರು ಕೊಟ್ಟು ಹುಡುಕಿದರೆ ಆಸುಪಾಸಿನ ಟವರ್‌ಗಳು ನಕ್ಷೆಯ ಮೇಲೆ ಕಾಣುತ್ತವೆ, ಬೇಕಾದ ಟವರ್‌ನ ಗುರುತನ್ನು ಒತ್ತಿದರೆ ಅದು ವಿಕಿರಣ ಮಿತಿಯೊಳಗೆ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ, ಹೆಚ್ಚಿನ ವಿವರ ಬೇಕೆಂದು ಕೋರಿದರೆ ಇಮೇಲ್ ಮೂಲಕ ಬರುತ್ತದೆ. ಆರಂಭದ ದಿನಗಳಲ್ಲೇ ಅದರಲ್ಲಿ ಸುಮಾರು 12.5 ಲಕ್ಷ ಬೇಸ್ ಸ್ಟೇಷನ್‌ಗಳ, ಅಂದರೆ ಟವರ್ ಮೇಲೆ ಕೂರಿಸುವ ಸಿಗ್ನಲ್ ಉಪಕರಣಗಳ, ಮಾಹಿತಿ ಇತ್ತು. ಇದು ಟವರ್‌ಗಳ ಸಂಖ್ಯೆಯಲ್ಲ ಎಂಬುದನ್ನು ನೆನಪಿಡಿ. ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾಗಳಿರಬಹುದು, ಒಂದೇ ಕಂಪನಿಯ 2ಜಿ, 4ಜಿ, 5ಜಿ ಉಪಕರಣಗಳು ಬೇರೆ ಬೇರೆಯಾಗಿಯೂ ಲೆಕ್ಕಕ್ಕೆ ಬರಬಹುದು.

ಮಾಲೀಕರು ಮಾತು ಹಾರಿಸುತ್ತಾರೆ ಎಂದಿರಿ. ಅವರಿಗೂ ಸರಿಯಾಗಿ ಗೊತ್ತಿಲ್ಲದಿರುವ ಸಾಧ್ಯತೆ ಉಂಟು. ನಮ್ಮಲ್ಲಿ ಕಂಬ ನೆಡುವವರು ಒಬ್ಬರು, ಅದರ ಮೇಲೆ ಆಂಟೆನಾ ಕಟ್ಟುವವರು ಇನ್ನೊಬ್ಬರು. ಇಂಡಸ್ ಟವರ್ಸ್‌ನಂಥ ಸಂಸ್ಥೆಗಳು ಟವರ್ ನಿಲ್ಲಿಸಿ ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತವೆ. ತಾರಸಿಯ ಕರಾರುಪತ್ರದಲ್ಲಿರುವುದು ಸಾಮಾನ್ಯವಾಗಿ ಕಂಬದವರ ಹೆಸರೇ ಹೊರತು ನಿಮ್ಮ ಸಿಮ್ ಕಂಪನಿಯ ಹೆಸರಲ್ಲ. ಟವರ್‌ನ ಬುಡದಲ್ಲಿ, ಬೇಲಿಯ ಬಾಗಿಲಿನಲ್ಲಿ ಅಥವಾ ಜನರೇಟರ್‌ನ ಪಕ್ಕದಲ್ಲಿ ಹೆಚ್ಚಾಗಿ ಒಂದು ತಗಡಿನ ಫಲಕವಿರುತ್ತದೆ. ಅದರ ಮೇಲಿನ ಸೈಟ್ ಸಂಖ್ಯೆಯನ್ನು ಬರೆದುಕೊಳ್ಳಿ. ಮುಂದೆ ಯಾವ ಕಚೇರಿಗೆ ಪತ್ರ ಬರೆದರೂ ‘ಎದುರು ಮನೆಯ ಟವರ್’ ಎನ್ನುವುದಕ್ಕಿಂತ ಆ ಸಂಖ್ಯೆಗೆ ಬೆಲೆ ಹೆಚ್ಚು.

ಪ್ರಶ್ನೆ: ನಮ್ಮ ಮನೆಯಿಂದ ಟವರ್‌ಗೆ 40 ಮೀಟರ್ ಕೂಡ ಇಲ್ಲ. ಮಕ್ಕಳು ಮಲಗುವ ಕೋಣೆಯ ಕಿಟಕಿ ಅದೇ ದಿಕ್ಕಿಗಿದೆ. ಅದರ ಮೇಲೆ ತಮಟೆಯಂಥ ದುಂಡನೆಯ ವಸ್ತುವೊಂದು ನೇರವಾಗಿ ನಮ್ಮ ಕಡೆಗೇ ಮುಖ ಮಾಡಿದೆ. ಮನೆ ಬದಲಿಸುವುದೇ ಒಳಿತೆಂದು ಅತ್ತೆಯವರು ಹೇಳುತ್ತಿದ್ದಾರೆ.
– ಓದುಗರು, ಮೈಸೂರು

ಉತ್ತರ: ಮೊದಲು ಆ ತಮಟೆಯ ವಿಚಾರ. ಅದು ನಿಮ್ಮ ಫೋನಿನ ಜೊತೆ ಮಾತಾಡುವ ಆಂಟೆನಾ ಅಲ್ಲ. ಒಂದು ಟವರ್‌ನಿಂದ ಇನ್ನೊಂದು ಟವರ್‌ಗೆ ಸಂದೇಶ ಸಾಗಿಸುವ ಮೈಕ್ರೋವೇವ್ ಡಿಶ್ ಅದು. ಅದರ ಕಿರಣ ಬಹಳ ಕಿರಿದು, ಶಕ್ತಿಯೂ ಕಡಿಮೆ, ಎದುರಿನ ಡಿಶ್‌ಗೂ ಅದಕ್ಕೂ ನಡುವೆ ಏನೂ ಅಡ್ಡ ಬರದಂತೆ ಮನೆಗಳ ತಲೆಯ ಮೇಲಿಂದ ಹಾದುಹೋಗಬೇಕಾದದ್ದು. ನಿಮ್ಮ ಕಿಟಕಿಗೇ ಗುರಿಯಿಟ್ಟಿದ್ದರೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ. ಫೋನ್‌ಗಳ ಜೊತೆ ವ್ಯವಹರಿಸುವುದು ಅದರ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿರುವ, ಹಲಗೆಯಂಥ ಬಿಳಿಯ ಉದ್ದನೆಯ ಪೆಟ್ಟಿಗೆಗಳು. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಇರುತ್ತವೆ, ಒಂದೊಂದೂ ವೃತ್ತದ ಮೂರನೇ ಒಂದು ಭಾಗವನ್ನು ನೋಡಿಕೊಳ್ಳುತ್ತದೆ. ಸರಿಯಾಗಿ ದಿಟ್ಟಿಸಿದರೆ ಅವು ಅಷ್ಟಿಷ್ಟು ಮುಂದಕ್ಕೆ ಬಾಗಿರುವುದೂ ಕಾಣಬಹುದು.

ಜನ ಅಂದುಕೊಳ್ಳುವುದಕ್ಕೂ ವಾಸ್ತವಕ್ಕೂ ಅಂತರ ಬೀಳುವುದು ಈ ಬಾಗಿನಲ್ಲೇ. ಆಂಟೆನಾದ ಮುಖ್ಯ ಕಿರಣ ಟವರ್‌ನ ಬುಡಕ್ಕೆ ಬೀಳುವುದಿಲ್ಲ. ಬೀದಿದೀಪದಂತೆ ಕೆಳಗೆ ಸುರಿಯದೆ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಸಾಗಿ, ಸಾಧಾರಣ ಎತ್ತರದ ಟವರ್ ಆಗಿದ್ದರೆ 50ರಿಂದ 200 ಮೀಟರ್ ಆಚೆ ನೆಲ ಮುಟ್ಟುತ್ತದೆ. ಹೀಗಾಗಿ ಟವರ್ ಹೊತ್ತ ಕಟ್ಟಡದ ಕೆಳಮನೆಯವರಿಗಿಂತ, ಎರಡು ಬೀದಿ ಆಚೆ ಅದೇ ಎತ್ತರದಲ್ಲಿರುವ ಬಾಲ್ಕನಿಯವರಿಗೆ ಹೆಚ್ಚು ತಾಗುವುದುಂಟು. ಹತ್ತಿರದ ಟವರ್ ಎಲ್ಲಿದೆ ಎಂದು ತಿಳಿದ ಮಾತ್ರಕ್ಕೆ ಎಷ್ಟು ತಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಗದು. ಅದಕ್ಕೆ ಅಳತೆಯೇ ಆಗಬೇಕು.

ಅಳತೆ ಮಾಡಿಸುವ ಏರ್ಪಾಡೂ ತರಂಗ್ ಸಂಚಾರ್‌ನಲ್ಲಿದೆ. ಆರಂಭದಲ್ಲಿ ಗೊತ್ತುಮಾಡಿದ ಶುಲ್ಕ 4,000 ರೂಪಾಯಿ. ಅದನ್ನು ಆನ್‌ಲೈನ್‌ನಲ್ಲಿ ಕಟ್ಟಿ ಕೋರಿದರೆ ದೂರಸಂಪರ್ಕ ಇಲಾಖೆಯ ಸ್ಥಳೀಯ ಘಟಕದವರು ನೀವು ಹೇಳಿದ ಜಾಗಕ್ಕೇ ಬಂದು ಅಳೆದು ವರದಿ ಕೊಡುತ್ತಾರೆ. ಬಯಸಿದರೆ ಆ ಹೊತ್ತಿನಲ್ಲಿ ನೀವೂ ಎದುರಿಗೆ ಇರಬಹುದು. ಇರಿ ಎಂದೇ ನನ್ನ ಸಲಹೆ. ಅಂಗಳದಲ್ಲಿ ಅಳೆದು ಹೊರಟರೆ ಮಕ್ಕಳ ಕೋಣೆಯ ಅಂಕಿ ಸಿಕ್ಕಂತಾಗುವುದಿಲ್ಲ. ಇನ್ನು ಮಿತಿಯ ಮಾತು: 2012ರ ಸೆಪ್ಟೆಂಬರ್ 1ರಿಂದ ಭಾರತವು ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗವನ್ನು ಮಿತಿಯಾಗಿ ಜಾರಿಗೆ ತಂದಿತು. 900 ಮೆಗಾಹರ್ಟ್ಸ್ ಆವರ್ತನದ ಮೊಬೈಲ್ ತರಂಗಗಳಿಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಟವರ್‌ಗಳ ಬಳಿ ಜನರಿಗೆ ತಾಗುವ ಪ್ರಮಾಣ ಅಂತಾರಾಷ್ಟ್ರೀಯ ಮಿತಿಯ ಶೇ 0.002ರಿಂದ ಶೇ 2ರಷ್ಟಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿತ್ತು. 2011ರಲ್ಲಿ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಬಗೆಯ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಲೂಬಹುದು’ ಎಂಬ ವರ್ಗಕ್ಕೆ ಸೇರಿಸಿದ್ದೂ ನಿಜ. ಆದರೆ ಅದಕ್ಕೆ ಮುಖ್ಯ ಆಧಾರವಾದದ್ದು ಕಿವಿಗೆ ಒತ್ತಿ ಹಿಡಿದ ಫೋನಿನ ಬಳಕೆ, ತಾರಸಿಯ ಟವರ್ ಅಲ್ಲ. ಟವರ್ ದೂರವಾದಷ್ಟೂ ನಿಮ್ಮ ಕೈಯಲ್ಲಿರುವ ಫೋನ್ ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ ಎಂಬುದನ್ನು ಅತ್ತೆಯವರಿಗೆ ಹೇಳಿ ನೋಡಿ. ಅಳತೆಯ ವರದಿ ಬರುವ ಮೊದಲು ಮನೆ ಖಾಲಿ ಮಾಡುವ ಮಾತು ಬೇಡ.

ಪ್ರಶ್ನೆ: ಮೊಬೈಲ್ ಟವರ್ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಅದು ತೋರಿಸಿದ ಜಾಗಕ್ಕೆ ಬೈಕಿನಲ್ಲಿ ಹೋದರೆ ಅಲ್ಲಿದ್ದದ್ದು ಅಡಿಕೆ ತೋಟ ಮಾತ್ರ. ನಿಜವಾದ ಟವರ್ ಗುಡ್ಡದ ನೆತ್ತಿಯಲ್ಲಿದೆ. ಇಷ್ಟೊಂದು ತಪ್ಪು ಹೇಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಓಪನ್‌ಸೆಲ್‌ಐಡಿ, ಸೆಲ್‌ಮ್ಯಾಪರ್ ಮುಂತಾದವುಗಳಿಗೆ ಟವರ್‌ನ ವಿಳಾಸವನ್ನು ಯಾರೂ ಕೊಟ್ಟಿರುವುದಿಲ್ಲ, ಅವು ಊಹಿಸುತ್ತವೆ. ಆ್ಯಪ್ ಹಾಕಿಕೊಂಡವರ ಫೋನ್ ತಾನಿರುವ ಜಾಗವನ್ನೂ ಆ ಗಳಿಗೆಯಲ್ಲಿ ಸಿಕ್ಕ ಸಿಗ್ನಲ್‌ನ ಸಂಖ್ಯೆ ಮತ್ತು ಬಲವನ್ನೂ ಬರೆದು ಕಳಿಸುತ್ತದೆ. ಹೀಗೆ ಬಂದ ನೂರಾರು ಗುರುತುಗಳ ನಡುಮಧ್ಯೆ ಎಲ್ಲೋ ಟವರ್ ಇರಬೇಕೆಂದು ಲೆಕ್ಕ ಹಾಕಲಾಗುತ್ತದೆ. ಬೆಂಗಳೂರಿನಂಥ ಕಡೆ ಜನ ಎಲ್ಲ ದಿಕ್ಕಿನಲ್ಲೂ ಓಡಾಡುವುದರಿಂದ ಊಹೆ ಹೆಚ್ಚುಕಡಿಮೆ ಸರಿಯಾಗುತ್ತದೆ. ನಿಮ್ಮ ಕಡೆ ಅಳತೆ ಬರುವುದೆಲ್ಲ ಒಂದೇ ರಸ್ತೆಯಲ್ಲಿ ಹೋಗುವ ವಾಹನಗಳಿಂದ. ಗುಡ್ಡ ಹತ್ತಿ ಅಳೆದವರು ಯಾರೂ ಇಲ್ಲವಾದ್ದರಿಂದ ‘ಟವರ್’ ರಸ್ತೆಯ ಬದಿಗೆ ಇಳಿದು ತೋಟದಲ್ಲಿ ಕುಳಿತಿದೆ. ಸೆಲ್‌ಮ್ಯಾಪರ್‌ನಲ್ಲಿ ಬಳಕೆದಾರರೇ ಆ ಗುರುತನ್ನು ಸರಿಯಾದ ಜಾಗಕ್ಕೆ ಎಳೆದು ತಿದ್ದಬಹುದು. ಬೈಕಿನಲ್ಲಿ ಅಷ್ಟು ದೂರ ಹೋದವರು ಆ ಉಪಕಾರವನ್ನೂ ಮಾಡಬಹುದಲ್ಲ.

ನಿಮ್ಮ ಉದ್ದೇಶ ಮನೆಯಲ್ಲಿ ಸಿಗ್ನಲ್ ಎಲ್ಲಿ ಚೆನ್ನಾಗಿದೆ ಎಂದು ತಿಳಿಯುವುದಾಗಿದ್ದರೆ ಟವರ್ ಹುಡುಕುವುದಕ್ಕಿಂತ ಸುಲಭದ ಕೆಲಸವಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಪುಟದಲ್ಲಿ ಸಿಗ್ನಲ್‌ನ ಬಲ ಡಿಬಿಎಂ ಎಂಬ ಮಾನದಲ್ಲಿ, ಋಣಸಂಖ್ಯೆಯಾಗಿ ಇರುತ್ತದೆ. ಅದನ್ನು ತೆರೆದಿಟ್ಟುಕೊಂಡು ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಂಗಳಕ್ಕೆ ನಡೆಯಿರಿ. 4ಜಿಯಲ್ಲಿ ಮೈನಸ್ 115ರ ಆಸುಪಾಸಿನಲ್ಲಿದ್ದದ್ದು ಮೈನಸ್ 95ಕ್ಕೆ ಬಂದರೆ ಅಂಕಿ ಇಳಿದಂತೆ ಕಂಡರೂ ಸಿಗ್ನಲ್ ನೂರು ಪಟ್ಟು ಏರಿದೆ ಎಂದರ್ಥ. ಹತ್ತಿರದ ಟವರ್‌ಗೇ ಫೋನ್ ಅಂಟಿಕೊಳ್ಳಬೇಕೆಂದೂ ಇಲ್ಲ. ಅದರಲ್ಲಿ ನಿಮ್ಮ ಕಂಪನಿಯ ಆಂಟೆನಾ ಇಲ್ಲದಿದ್ದರೆ, ಅಥವಾ ಇದ್ದೂ ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ, ಹೊಳೆಯಾಚೆಯ ಟವರ್ ಹಿಡಿದು ಮಾತಾಡುತ್ತಿರುತ್ತೀರಿ.

ಪ್ರಶ್ನೆ: ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಅಲ್ಲಿ ಹಿಂದೆ ಸರ್ಕಾರದ ಕಡೆಯಿಂದಲೇ ಟವರ್‌ಗಳ ನಕ್ಷೆ ಇತ್ತು, ಈಗ ಇಲ್ಲ ಎನ್ನುತ್ತಾಳೆ. ನಮ್ಮಲ್ಲಿ ಇರುವುದು ಅಲ್ಲಿ ಇಲ್ಲವೆಂದರೆ ನಂಬಲು ಕಷ್ಟವಾಗುತ್ತಿದೆ.
– ಓದುಗರು, ಧಾರವಾಡ

ಉತ್ತರ: ನಂಬಿ, ಮಗಳು ಹೇಳಿದ್ದು ಸರಿ. ಬ್ರಿಟನ್ನಿನಲ್ಲಿ ಸರ್ ವಿಲಿಯಂ ಸ್ಟೀವರ್ಟ್ ಅಧ್ಯಕ್ಷತೆಯ ತಜ್ಞರ ಸಮಿತಿಯು 2000ದಲ್ಲಿ, ದೇಶದ ಎಲ್ಲ ಮೊಬೈಲ್ ಟವರ್‌ಗಳ ವಿವರ ಜನರಿಗೆ ಸಿಗುವಂತಿರಬೇಕೆಂದು ಶಿಫಾರಸು ಮಾಡಿತು. ಅದರಂತೆ ‘ಸೈಟ್‌ಫೈಂಡರ್’ ಎಂಬ ನಕ್ಷೆ ಬಂತು, 2003ರ ಕೊನೆಗೆ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ಅದರ ಹೊಣೆ ಹೊತ್ತಿತು. ಊರಿನ ಹೆಸರು ಕೊಟ್ಟರೆ ಸುತ್ತಲಿನ ಟವರ್‌ಗಳು, ಅವುಗಳ ಎತ್ತರ ಮತ್ತು ಶಕ್ತಿ ಕಾಣುತ್ತಿದ್ದವು. ಅದರ ದೌರ್ಬಲ್ಯ ಒಂದೇ: ಕಂಪನಿಗಳು ಮಾಹಿತಿ ಕೊಡುತ್ತಿದ್ದದ್ದು ಸ್ವಇಚ್ಛೆಯಿಂದ, ಕಾನೂನಿನ ಒತ್ತಾಯದಿಂದಲ್ಲ.

2005ರಲ್ಲಿ ಸ್ಕಾಟ್ಲೆಂಡಿನ ಆರೋಗ್ಯ ಸಂಸ್ಥೆಯೊಂದರ ಮಾಹಿತಿ ಅಧಿಕಾರಿಯೊಬ್ಬರು ಎಲ್ಲ ಟವರ್‌ಗಳ ನಿಖರ ಸ್ಥಾನಗಳನ್ನು ಒಟ್ಟಾಗಿ ಕೊಡಿ ಎಂದು ಅರ್ಜಿ ಹಾಕಿದರು. ಆಫ್‌ಕಾಮ್ ನಿರಾಕರಿಸಿತು. ದುಷ್ಕರ್ಮಿಗಳಿಗೆ ಅನುಕೂಲವಾಗಿ ಸಾರ್ವಜನಿಕ ಸುರಕ್ಷತೆಗೆ ಧಕ್ಕೆಯಾದೀತು ಎಂಬುದು ಒಂದು ಕಾರಣ, ಆ ದತ್ತಾಂಶದ ಮೇಲೆ ಕಂಪನಿಗಳಿಗೆ ಬೌದ್ಧಿಕ ಆಸ್ತಿಯ ಹಕ್ಕಿದೆ ಎಂಬುದು ಇನ್ನೊಂದು. ಮಾಹಿತಿ ಆಯುಕ್ತರು, ನ್ಯಾಯಮಂಡಳಿ, ಹೈಕೋರ್ಟು ಈ ಮೂವರೂ ಕೊಡಬೇಕೆಂದರು, ಮೇಲ್ಮನವಿ ನ್ಯಾಯಾಲಯ ಆಫ್‌ಕಾಮ್ ಕಡೆ ವಾಲಿತು, 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಕಾನೂನು ಪ್ರಶ್ನೆಯನ್ನು ಐರೋಪ್ಯ ನ್ಯಾಯಾಲಯಕ್ಕೆ ಕಳಿಸಿತು. ನಿರಾಕರಣೆಗೆ ಕೊಡುವ ಎರಡು ಕಾರಣಗಳನ್ನು ಬಿಡಿಬಿಡಿಯಾಗಿ ತೂಗಬೇಕೋ, ಒಂದೇ ತಟ್ಟೆಗೆ ಹಾಕಿ ತೂಗಬಹುದೋ ಎಂಬುದೇ ಆ ಪ್ರಶ್ನೆ. ಒಟ್ಟಿಗೆ ತೂಗಬಹುದೆಂದು 2011ರ ಜುಲೈನಲ್ಲಿ ಉತ್ತರ ಬಂತು. ರಸ್ತೆಯಲ್ಲಿ ನಿಂತ ಯಾರಿಗೂ ಕಾಣುವ ಕಂಬಗಳ ವಿಳಾಸಕ್ಕಾಗಿ ಆರು ವರ್ಷಕ್ಕೂ ಮಿಕ್ಕಿದ ವ್ಯಾಜ್ಯ! ಈ ನಡುವೆ ಕಂಪನಿಗಳಿಂದ ಹೊಸ ಮಾಹಿತಿ ಬರುವುದು ನಿಂತು ನಕ್ಷೆ ಹಳತಾಯಿತು, ಕೊನೆಗೆ ಮುಚ್ಚಿತು. ಸುರಕ್ಷತೆಯ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ 2020ರ ಏಪ್ರಿಲ್‌ನಲ್ಲಿ 5ಜಿಯಿಂದ ಕೊರೊನಾ ಹರಡುತ್ತದೆಂಬ ಗಾಳಿಸುದ್ದಿ ನಂಬಿ ಅದೇ ದೇಶದಲ್ಲಿ ಟವರ್‌ಗಳಿಗೆ ಬೆಂಕಿ ಇಟ್ಟವರ ಕೈಯಲ್ಲಿ ಆಫ್‌ಕಾಮ್‌ನ ಹೊಸ ನಕ್ಷೆಯೇನೂ ಇರಲಿಲ್ಲ.

ಫ್ರಾನ್ಸಿನಲ್ಲಿ ‘ಕಾರ್ಟೊರೇಡಿಯೊ’ ಎಂಬ ಸರ್ಕಾರಿ ನಕ್ಷೆ ಆಂಟೆನಾಗಳ ಜೊತೆಗೆ ಅಳತೆಯ ಫಲಿತಾಂಶಗಳನ್ನೂ ತೋರಿಸುತ್ತದೆ. ಜರ್ಮನಿಯ ನಿಯಂತ್ರಕ ಸಂಸ್ಥೆಯದೂ ಇಂಥದೇ ನಕ್ಷೆ ಇದೆ. ನಿಮ್ಮ ಮಗಳಿಗೆ ಸದ್ಯಕ್ಕಿರುವ ದಾರಿಯೆಂದರೆ ಸ್ಥಳೀಯ ಕೌನ್ಸಿಲ್‌ನ ಕಟ್ಟಡ ಯೋಜನೆಯ ಅರ್ಜಿಗಳು. ಟವರ್ ನಿಲ್ಲಿಸಲು ಬಂದ ಅರ್ಜಿಗಳು ನಕಾಶೆ ಸಮೇತ ಅಲ್ಲಿ ಸಾರ್ವಜನಿಕವಾಗಿ ಸಿಗುತ್ತವೆ.

ಪ್ರಶ್ನೆ: ಟವರ್‌ಗೆ ಪರವಾನಗಿ ಇದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದೇ?
– ಓದುಗರು, ಹಾಸನ

ಉತ್ತರ: ಕೇಳಬಹುದು. ಆದರೆ ಕಂಪನಿಯನ್ನಲ್ಲ, ಕಡತ ಇಟ್ಟುಕೊಂಡಿರುವ ನಗರಸಭೆ ಅಥವಾ ಗ್ರಾಮ ಪಂಚಾಯಿತಿಯನ್ನು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಆದ್ದರಿಂದ ನಿಮ್ಮ ಆತಂಕವನ್ನೆಲ್ಲ ತೋಡಿಕೊಳ್ಳಲು ಹೋಗದೆ ದಾಖಲೆಗಳನ್ನಷ್ಟೇ ಹೆಸರಿಸಿ: ಇಂಥ ಸೈಟ್ ಸಂಖ್ಯೆಯ ಟವರ್‌ಗೆ ಸಂಬಂಧಿಸಿ ಬಂದ ಅರ್ಜಿ ಅಥವಾ ಸೂಚನಾಪತ್ರ, ಕಟ್ಟಡ ಅದರ ಭಾರ ತಾಳುತ್ತದೆಂಬ ಎಂಜಿನಿಯರರ ಪ್ರಮಾಣಪತ್ರ, ಕಟ್ಟಿದ ಶುಲ್ಕದ ರಸೀದಿ, ಇವುಗಳ ದೃಢೀಕೃತ ಪ್ರತಿ. ಖಾಸಗಿ ಜಾಗದಲ್ಲಿ ಟವರ್ ನಿಲ್ಲಿಸಲು ಪರವಾನಗಿ ಬೇಕಿಲ್ಲ, ಮುಂಚಿತವಾಗಿ ತಿಳಿಸಿದರೆ ಸಾಕೆಂದು ಕೇಂದ್ರದ ನಿಯಮಗಳಿಗೆ 2022ರಲ್ಲಿ ತಿದ್ದುಪಡಿ ತರಲಾಯಿತು. ಹಾಗಾಗಿ ‘ಪರವಾನಗಿ ಪತ್ರ ಇಲ್ಲ’ ಎಂಬ ಉತ್ತರ ಬಂದರೆ ಟವರ್ ಅಕ್ರಮವೆಂದು ತಕ್ಷಣ ತೀರ್ಮಾನಿಸಬೇಡಿ, ಸೂಚನಾಪತ್ರ ಬಂದ ತಾರೀಕನ್ನು ನೋಡಿ. ಉತ್ತರವೇ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮಾತ್ರ ಮರೆಯಬೇಡಿ.