ಫ್ರೀ ಥ್ರೋ ಎಸೆಯುವ ಮಗುವಿನ ಪಕ್ಕದಲ್ಲಿ ನಿಂತು ಕಿರುಚಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 13 ವರ್ಷ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಕಳೆದ ತಿಂಗಳು ಒಂದು ಟೂರ್ನಿಯ ಸೆಮಿಫೈನಲ್. ಕೊನೆಯ ನಿಮಿಷ, ನಮ್ಮವರು ಒಂದು ಪಾಯಿಂಟ್ ಹಿಂದೆ. ಇವಳಿಗೆ ಎರಡು ಫ್ರೀ ಥ್ರೋ (ಫೌಲ್‌ಗೆ ಪರಿಹಾರವಾಗಿ, ಯಾರೂ ಅಡ್ಡ ಬರದೆ ಗೆರೆಯ ಮೇಲಿಂದ ಎಸೆಯುವ ಅವಕಾಶ) ಸಿಕ್ಕಿತು. ಚೆಂಡು ಎತ್ತಿದ ಕೂಡಲೇ ಪಕ್ಕದ ಗೆರೆಯಲ್ಲಿ ನಿಂತಿದ್ದ ಎದುರಾಳಿ ಹುಡುಗಿಯರಿಬ್ಬರು ಜೋರಾಗಿ ಚಪ್ಪಾಳೆ ತಟ್ಟಿ ‘ಹೋಯ್’ ಅಂತ ಕಿರುಚಿದರು. ಎರಡನೇ ಸಲವೂ ಹಾಗೇ ಮಾಡಿದರು. ಎರಡೂ ಮಿಸ್ ಆಯಿತು. ರೆಫರಿ ಏನೂ ಹೇಳಲಿಲ್ಲ. ಅವತ್ತಿನಿಂದ ‘ನನ್ನಿಂದಲೇ ಸೋತ್ವಿ’ ಅಂತ ಕೂತಿದ್ದಾಳೆ, ಪ್ರಾಕ್ಟೀಸ್‌ಗೆ ಹೋಗ್ತಿಲ್ಲ. ನಮ್ಮ ಯಜಮಾನರು ‘ಆಟ ಅಂದ್ರೆ ಹಾಗೇ, ಗಟ್ಟಿಯಾಗಬೇಕು’ ಅನ್ನುತ್ತಾರೆ. ಹೀಗೆ ಕಿರುಚೋದಕ್ಕೆ ನಿಯಮದಲ್ಲಿ ಅವಕಾಶ ಇದೆಯಾ? ಅವಳಿಗೆ ಏನು ಹೇಳಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಇವತ್ತು ಸಂಜೆಯೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಿ. ಆ ಹುಡುಗಿಯರು ಮಾಡಿದ್ದು ನಿಯಮಕ್ಕೆ ವಿರುದ್ಧ. ಅವಳಿಗೆ ಆ ಎಸೆತಗಳನ್ನು ಮತ್ತೆ ಎಸೆಯುವ ಹಕ್ಕಿತ್ತು. ಆ ಹಕ್ಕು ಅವಳಿಗೆ ಸಿಗಲಿಲ್ಲ.

ನಮ್ಮಲ್ಲಿ ಶಾಲೆ, ಜಿಲ್ಲೆ, ರಾಜ್ಯ ಮಟ್ಟದ ಪಂದ್ಯಗಳು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದ ಮೇಲೆಯೇ ನಡೆಯುತ್ತವೆ. ಅದರಲ್ಲಿ ಫ್ರೀ ಥ್ರೋ ಬಗ್ಗೆ ಇರುವ ಭಾಗದಲ್ಲೇ ಇದು ಸ್ಪಷ್ಟವಾಗಿದೆ: ಎಸೆಯುವವರ ಗಮನ ಕೆಡಿಸುವ ಯಾವ ಕೆಲಸವನ್ನೂ ಎದುರಾಳಿ ಆಟಗಾರರು ಮಾಡುವಂತಿಲ್ಲ. ಕೈ ಬೀಸುವುದು, ಕಾಲು ಅಪ್ಪಳಿಸುವುದು, ಎಸೆಯುವ ಹೊತ್ತಿಗೆ ಸರಿಯಾಗಿ ಚಪ್ಪಾಳೆ ಹೊಡೆಯುವುದು, ಕಿರುಚುವುದು ಎಲ್ಲ ಇದರಲ್ಲಿ ಬರುತ್ತದೆ. ಹಾಗೆ ಮಾಡಿದರೂ ಚೆಂಡು ಒಳಗೆ ಬಿದ್ದರೆ ಪಾಯಿಂಟ್ ಲೆಕ್ಕಕ್ಕೆ ಬರುತ್ತದೆ, ತಪ್ಪನ್ನು ಅಲ್ಲಿಗೇ ಬಿಡುತ್ತಾರೆ. ಬೀಳದಿದ್ದರೆ ಇನ್ನೊಂದು ಎಸೆತ ಕೊಡಬೇಕು. ಎದುರಾಳಿಯನ್ನು ಕೆಣಕುವುದು, ಕಣ್ಣಿನ ಹತ್ತಿರ ಕೈ ಆಡಿಸಿ ನೋಟಕ್ಕೆ ಅಡ್ಡ ಬರುವುದು ಇನ್ನೂ ದೊಡ್ಡ ತಪ್ಪು. ಅದಕ್ಕೆ ಟೆಕ್ನಿಕಲ್ ಫೌಲ್, ಅಂದರೆ ಕೆಟ್ಟ ನಡವಳಿಕೆಗೆ ಕೊಡುವ ಫೌಲ್ ಇದೆ.

ಅಂದರೆ ರೆಫರಿ ಕಣ್ಣಿಟ್ಟು ನೋಡುತ್ತಿದ್ದರೆ, ಕಿರುಚುವ ತಂಡಕ್ಕೆ ಇದರಿಂದ ಮೂರು ಕಾಸಿನ ಲಾಭ ಇಲ್ಲ. ಲಾಭ ಆಗುವುದು ರೆಫರಿ ಸುಮ್ಮನಿದ್ದಾಗ ಮಾತ್ರ. ಮಕ್ಕಳ ಪಂದ್ಯ ಅಂತ ಕೆಲವು ರೆಫರಿಗಳು ಇದನ್ನು ಸಡಿಲ ಬಿಡುತ್ತಾರೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ. ದೊಡ್ಡವರಾದರೆ ಹೇಗೋ ತಡೆದುಕೊಳ್ಳುತ್ತಾರೆ. 13 ವರ್ಷದ ಮಗು ಆ ಗೆರೆಯ ಮೇಲೆ ಒಬ್ಬಳೇ ನಿಂತಿರುತ್ತದೆ. ಎಲ್ಲರ ಕಣ್ಣೂ ಅದರ ಮೇಲೆ. ಇಡೀ ಆಟದಲ್ಲಿ ಯಾರೂ ಅಡ್ಡ ಬರದೆ ಎಸೆಯಲು ಸಿಗುವುದು ಅದೊಂದೇ ಗಳಿಗೆ. ಅವಳ ಮೇಲೆ ಫೌಲ್ ಮಾಡಿದ್ದಕ್ಕೆ ಪರಿಹಾರವಾಗಿ ಕೊಟ್ಟ ಗಳಿಗೆ ಅದು. ಅದನ್ನೂ ಕಿತ್ತುಕೊಂಡರೆ ಹೇಗೆ?

ಮುಂದಿನ ಸಲಕ್ಕೆ ಒಂದು ದಾರಿ ಇದೆ. ಆಟ ನಿಂತು ಗಡಿಯಾರವೂ ನಿಂತಿರುವಾಗ ತಂಡದ ಕ್ಯಾಪ್ಟನ್ ಮರ್ಯಾದೆಯಿಂದ ರೆಫರಿ ಹತ್ತಿರ ಹೋಗಿ ಮಾತಾಡಬಹುದು. ಮೊದಲ ಎಸೆತ ಆದ ಕೂಡಲೇ ‘ಸರ್, ಅವರು ಕೂಗ್ತಿದ್ದಾರೆ, ಸ್ವಲ್ಪ ನೋಡಿ’ ಅಂದಿದ್ದರೆ, ಎರಡನೆಯದಾದರೂ ಉಳಿಯುತ್ತಿತ್ತೇನೋ. ಇದನ್ನು ನಿಮ್ಮ ಕೋಚ್ ಕ್ಯಾಪ್ಟನ್‌ಗೆ ಹೇಳಿಕೊಡಲಿ. ಪೋಷಕರು ಮಾತ್ರ ಗ್ಯಾಲರಿಯಿಂದ ಕೂಗಬಾರದು. ಅದರಿಂದ ಮಗುವಿನ ಮನಸ್ಸು ಇನ್ನಷ್ಟು ಕದಡುತ್ತದೆ.

ಇನ್ನು ನಿಮ್ಮ ಯಜಮಾನರ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಗಟ್ಟಿಯಾಗಬೇಕು, ನಿಜ. ಆದರೆ ‘ಗಟ್ಟಿಯಾಗು’ ಅಂದ ಮಾತ್ರಕ್ಕೆ ಯಾರೂ ಗಟ್ಟಿಯಾಗುವುದಿಲ್ಲ. ಅದನ್ನು ಕಲಿಸಬೇಕು, ಕಲಿಸಲು ಆಗುತ್ತದೆ ಕೂಡ. ಫ್ರೀ ಥ್ರೋ ಗೆರೆಯಿಂದ ಬೋರ್ಡ್‌ಗೆ 4.6 ಮೀಟರ್. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಈ ಅಳತೆ ಮಂಡ್ಯದಲ್ಲೂ ಅಷ್ಟೇ, ಅಮೆರಿಕದಲ್ಲೂ ಅಷ್ಟೇ, ಸೆಮಿಫೈನಲ್‌ನಲ್ಲೂ ಅಷ್ಟೇ. ಹಾಗಾಗಿ ಎಸೆಯುವ ಮುಂಚಿನ ಕ್ರಮವೂ ಪ್ರತಿ ಸಲ ಒಂದೇ ಇರಬೇಕು. ಮೂರು ಸಲ ಪುಟಿಸುವುದು, ಒಂದು ಉಸಿರು ಬಿಡುವುದು, ರಿಂಗ್ ನೋಡುವುದು, ಎಸೆಯುವುದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡುತ್ತಿದ್ದ ಸ್ಟೀವ್ ನ್ಯಾಶ್ ಚೆಂಡು ಕೈಗೆ ಬರುವ ಮೊದಲೇ ಬರಿಗೈಯಲ್ಲಿ ಎಸೆದಂತೆ ಮಾಡಿ ನೋಡಿಕೊಳ್ಳುತ್ತಿದ್ದರು. ನೂರಕ್ಕೆ 90ಕ್ಕಿಂತ ಜಾಸ್ತಿ ಎಸೆತ ಒಳಗೆ ಹಾಕಿ ನಿವೃತ್ತರಾದವರು ಅವರು. ರೆಫರಿ ಚೆಂಡು ಕೊಟ್ಟ ಮೇಲೆ 5 ಸೆಕೆಂಡ್ ಸಮಯ ಇರುತ್ತದೆ. ಮಕ್ಕಳು ಗಾಬರಿಯಲ್ಲಿ ಎರಡೇ ಸೆಕೆಂಡಿಗೆ ಎಸೆದುಬಿಡುತ್ತಾರೆ. ಆ 5 ಸೆಕೆಂಡ್ ತನ್ನದು ಅನ್ನುವುದು ಅವಳಿಗೆ ಗೊತ್ತಿರಲಿ.

ಕಣ್ಣಿನ ವಿಷಯ ಇನ್ನೂ ಮುಖ್ಯ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಅನ್ನುವವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಹಿಳಾ ಆಟಗಾರ್ತಿಯರು ಫ್ರೀ ಥ್ರೋ ಎಸೆಯುವಾಗ ಕಣ್ಣು ಎಲ್ಲಿರುತ್ತದೆ ಅಂತ ಅಳೆದು ನೋಡಿದರು. ಚೆನ್ನಾಗಿ ಎಸೆಯುವವರು ಕೈ ಚಲಿಸುವ ಮುಂಚೆ ರಿಂಗಿನ ಮೇಲೆ ಕಣ್ಣನ್ನು ಹೆಚ್ಚು ಹೊತ್ತು ನೆಟ್ಟಿರುತ್ತಿದ್ದರು. ಉಳಿದವರ ಕಣ್ಣು ಬೇಗ ಬೇಗ ಅತ್ತಿತ್ತ ಓಡುತ್ತಿತ್ತು. ಆದ್ದರಿಂದ ‘ಅವರ ಕೂಗನ್ನು ಕೇಳಿಸಿಕೊಳ್ಳಬೇಡ’ ಅಂತ ಹೇಳಬೇಡಿ. ಕಿವಿ ಮುಚ್ಚಿಕೊಳ್ಳಲು ಆಗುತ್ತಾ? ‘ರಿಂಗಿನ ಮುಂದಿನ ಅಂಚು ನೋಡು’ ಅನ್ನಿ. ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅಂತ ಹೇಳಿದರೆ ಮಗುವಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಇನ್ನೊಂದನ್ನೂ ಹೇಳಿ. ರಿಂಗಿನ ಅಗಲ 45 ಸೆಂಟಿಮೀಟರ್, ಹುಡುಗಿಯರು ಆಡುವ ಚೆಂಡು ಸುಮಾರು 23. ಎರಡು ಚೆಂಡು ಹೆಚ್ಚುಕಡಿಮೆ ಪಕ್ಕಪಕ್ಕ ಹಿಡಿಸುವಷ್ಟು ಜಾಗ. ಇದನ್ನು ಕೇಳಿದಾಗ ನಾನು ಆಟ ಕಲಿಸುವ ಹುಡುಗಿಯರ ಮುಖ ಅರಳುತ್ತದೆ.

ಪ್ರಾಕ್ಟೀಸ್‌ಗೆ ಬಲವಂತ ಮಾಡಬೇಡಿ. ಒಂದು ಸಂಜೆ ನೀವೇ ಅವಳ ಜೊತೆ ಕೋರ್ಟ್‌ಗೆ ಹೋಗಿ, ಚೆಂಡು ಹೆಕ್ಕಿ ಕೊಡುತ್ತಾ ನಿಲ್ಲಿ. ಹತ್ತು ಎಸೆತ ಸಾಕು. ಅಪ್ಪನೂ ಬರಲಿ.

ಪ್ರಶ್ನೆ: ನಾನು 9ನೇ ಕ್ಲಾಸ್. ನಮ್ಮ ಕೋಚ್ ಎದುರಾಳಿ ಫ್ರೀ ಥ್ರೋ ಎಸೆಯುವಾಗ ಕೂಗಿ ಡಿಸ್ಟರ್ಬ್ ಮಾಡಿ ಅಂತ ಹೇಳಿಕೊಡ್ತಾರೆ. ನನಗೆ ಇಷ್ಟ ಇಲ್ಲ. ಕೂಗದಿದ್ದರೆ ‘ನಿನಗೆ ಗೆಲ್ಲೋ ಆಸೆ ಇಲ್ವಾ’ ಅಂತ ಬೈತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿನಗೆ ಇಷ್ಟ ಆಗದೇ ಇರುವುದು ಸರಿಯಾಗೇ ಇದೆ ಪುಟ್ಟಾ. ಅದನ್ನು ಬಿಟ್ಟುಕೊಡಬೇಡ.

ನನ್ನದೇ ಒಂದು ಕತೆ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಪಂದ್ಯದಲ್ಲಿ ಹೀಗೆ ಮಾಡಿದ್ದೆ. ಎದುರಿನ ಹುಡುಗಿ ಎಸೆಯುವಾಗ ಕಾಲನ್ನು ನೆಲಕ್ಕೆ ಅಪ್ಪಳಿಸಿದೆ. ಅವಳ ಎಸೆತ ತಪ್ಪಿತು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದೆ. ಅಷ್ಟರಲ್ಲಿ ರಿಂಗಿಗೆ ಬಡಿದ ಚೆಂಡು ನನ್ನ ತಲೆಯ ಮೇಲೆ ಹಾದುಹೋಯಿತು. ನಾನು ತಡೆಯಬೇಕಿದ್ದ ಹುಡುಗಿ ಅದನ್ನು ಹಿಡಿದು ಬುಟ್ಟಿಗೆ ಹಾಕಿದಳು. ಒಂದು ಪಾಯಿಂಟ್ ತಪ್ಪಿಸಲು ಹೋಗಿ ಎರಡು ಕೊಟ್ಟೆ. ಅದಕ್ಕಿಂತ ಜಾಸ್ತಿ ಕಾಡುವುದು ಆ ಹುಡುಗಿಯ ಮುಖ. ಇವತ್ತಿಗೂ ಮರೆತಿಲ್ಲ.

ಫ್ರೀ ಥ್ರೋ ಹೊತ್ತಿನಲ್ಲಿ ನಿನಗೆ ಬೇಕಾದಷ್ಟು ಕೆಲಸ ಇದೆ. ರಿಂಗಿಗೆ ಹತ್ತಿರದ ಎರಡು ಜಾಗವೂ ನಿಮ್ಮ ತಂಡದ್ದೇ. ಗೆರೆಯಲ್ಲಿ ನಿಮ್ಮವರು ಮೂವರು ನಿಲ್ಲಬಹುದು, ಅವರು ಇಬ್ಬರೇ. ಚೆಂಡು ಎಸೆದವನ ಕೈ ಬಿಟ್ಟ ಕ್ಷಣ ಒಳಗೆ ಕಾಲಿಟ್ಟು, ಪಕ್ಕದವನನ್ನು ಬೆನ್ನಿನಿಂದ ತಡೆದು (ಇದೇ ಬಾಕ್ಸ್ ಔಟ್), ರಿಬೌಂಡ್, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಚೆಂಡನ್ನು ಹಿಡಿಯಬೇಕು. ಕೋಚ್ ಹತ್ತಿರ ಜಗಳ ಬೇಡ. ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬನೇ ಹೋಗಿ ಹೇಳು: ‘ಸರ್, ಕೂಗಿದರೆ ಅವರಿಗೆ ಇನ್ನೊಂದು ಎಸೆತ ಸಿಗುತ್ತೆ. ನಾನು ಬಾಕ್ಸ್ ಔಟ್ ಮಾಡಿ ರಿಬೌಂಡ್ ತರ್ತೀನಿ.’ ಆಮೇಲೆ ತಂದು ತೋರಿಸು. ಗೆಲ್ಲುವ ಆಸೆ ಇದೆಯೋ ಇಲ್ಲವೋ ಅವರಿಗೇ ಕಾಣುತ್ತದೆ. ಅಷ್ಟಾದರೂ ಬೈದರೆ ಅಪ್ಪ ಅಮ್ಮನಿಗೆ ಹೇಳು.

ನಿಮ್ಮ ಕೋಚ್ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಸರ್, ಈ ಹುಡುಗ ನಿಮ್ಮ ತಂಡದ ಆಸ್ತಿ. ದಯವಿಟ್ಟು ಅವನನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ನಾನು ಪಿ.ಇ. ಶಿಕ್ಷಕ. ನಮ್ಮ ಶಾಲೆಯ ಪಂದ್ಯಗಳಲ್ಲಿ ಗಲಾಟೆ ಮಾಡುವವರು ಆಟಗಾರರಲ್ಲ, ನೋಡುವ ಮಕ್ಕಳು. ಕೇಳಿದರೆ ‘ಎನ್‌ಬಿಎಯಲ್ಲಿ ಮಾಡ್ತಾರಲ್ಲ ಸರ್’ ಅನ್ನುತ್ತಾರೆ. ಅವರನ್ನು ತಡೆಯಬೇಕಾ?
– ಹಾಸನದಿಂದ

ಉತ್ತರ: ಮಕ್ಕಳು ಹೇಳುವುದು ಸುಳ್ಳಲ್ಲ. ಅಲ್ಲಿ ಬುಟ್ಟಿಯ ಹಿಂದೆ ಕೂತವರು ಬಲೂನ್ ಕೋಲು ಬೀಸುತ್ತಾರೆ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಂತೂ ವಿದ್ಯಾರ್ಥಿಗಳು ಪರದೆ ಕಟ್ಟಿ, ಎದುರಾಳಿ ಎಸೆಯುವಾಗ ಅದನ್ನು ತೆಗೆದು ವೇಷ ತೋರಿಸುತ್ತಾರೆ. 2016ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಈಜುಡುಗೆಯಲ್ಲಿ ಆ ಪರದೆಯ ಹಿಂದಿನಿಂದ ಬಂದಿದ್ದರು. ಆದರೆ ಅದೆಲ್ಲ ಪ್ರೇಕ್ಷಕರದ್ದು. ಅಂಗಳದೊಳಗಿನ ಆಟಗಾರ ಕೈ ಬೀಸುವುದನ್ನು, ಎಸೆಯುವವನ ಜೊತೆ ಮಾತಾಡುವುದನ್ನು ಎನ್‌ಬಿಎ ನಿಯಮವೂ ಒಪ್ಪುವುದಿಲ್ಲ.

ಪ್ರೇಕ್ಷಕರು ಕೂಗಿದ್ದಕ್ಕೆ ಎಸೆತ ಮತ್ತೆ ಸಿಗುವುದಿಲ್ಲ, ನಿಜ. ಆದರೂ ಶಾಲೆಯ ಅಂಗಳದಲ್ಲಿ ತಡೆಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಎನ್‌ಬಿಎಯಲ್ಲಿ ಆಡುವವರು ವೃತ್ತಿಯವರು, ಸಂಬಳಕ್ಕೆ ಆಡುವವರು. ಇಲ್ಲಿ ಗೆರೆಯ ಮೇಲೆ ನಿಂತ ಹುಡುಗ ನಾಳೆ ಅದೇ ಬಸ್ಸಲ್ಲಿ, ಅದೇ ಟ್ಯೂಷನ್‌ನಲ್ಲಿ ಇವರ ಪಕ್ಕ ಕೂರಬೇಕು. ನೀವು ಮಾಡಬಹುದಾದ್ದು ಇಷ್ಟು: ಬುಟ್ಟಿಯ ಹಿಂದೆ ಯಾರನ್ನೂ ಕೂರಿಸಬೇಡಿ, ಉದ್ದದ ಬದಿಗಳಲ್ಲಿ ಕೂರಿಸಿ. ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಒಂದು ಸಲ ಹೇಳಿ. ತಮ್ಮವರು ಎಸೆಯುವಾಗ ಇರುವ ಮೌನ ಬೇರೆಯವರಿಗೂ ಇರಲಿ ಅಂತ ಹೇಳಿದರೆ ಮಕ್ಕಳಿಗೆ ಬೇಗ ಅರ್ಥ ಆಗುತ್ತದೆ. ಬೆಂಚಿನಲ್ಲಿ ಕೂತ ಆಟಗಾರರು ಕೆಣಕಿದರೆ ಅದು ಬೇರೆ ಲೆಕ್ಕ. ಅದಕ್ಕೆ ರೆಫರಿ ಟೆಕ್ನಿಕಲ್ ಫೌಲ್ ಕೊಡಬಹುದು, ಅದು ಕೋಚ್ ಹೆಸರಿಗೆ ಬರೆಯಲಾಗುತ್ತದೆ.

ಪ್ರಶ್ನೆ: ಎದುರಾಳಿ ಮೊದಲ ಫ್ರೀ ಥ್ರೋ ಹಾಕಿದ ಮೇಲೆ, ಎರಡನೆಯದಕ್ಕೆ ಮುಂಚೆ ಟೈಮ್ ಔಟ್ ತೆಗೆದುಕೊಂಡು ಅವನ ಲಯ ಕೆಡಿಸಬಹುದಾ? ಅದೂ ತಪ್ಪಾ?
– ಒಬ್ಬ ಕ್ಲಬ್ ಕೋಚ್, ಬೆಂಗಳೂರು

ಉತ್ತರ: ಎರಡು ಎಸೆತದ ನಡುವೆ ಫಿಬಾ ನಿಯಮದಲ್ಲಿ ಟೈಮ್ ಔಟ್ ಸಿಗುವುದಿಲ್ಲ. ಮೊದಲ ಎಸೆತಕ್ಕೆ ಚೆಂಡು ಅವನ ಕೈಗೆ ಬರುವ ಮುಂಚೆ ಕೇಳಿದರೆ ಸಿಗುತ್ತದೆ. ಅದು ತಪ್ಪೇನಲ್ಲ. ಟೈಮ್ ಔಟ್ ನಿಮ್ಮದು, ಯಾವಾಗ ಬಳಸಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಆ ಒಂದು ನಿಮಿಷ ಎರಡೂ ತಂಡಕ್ಕೆ ಸಮನಾಗಿ ಸಿಗುತ್ತದೆ, ಅವನ ಕೋಚ್ ಅವನ ಹೆಗಲ ಮೇಲೆ ಕೈ ಹಾಕಿ ಮಾತಾಡಬಹುದು. ಅವನು ವಾಪಸ್ ಬಂದು ಎಸೆಯುವಾಗ ಮಾತ್ರ ನಿಮ್ಮ ಹುಡುಗರು ಸುಮ್ಮನಿರಲಿ.