ಚೀನಿ ಭಾಷೆಯಲ್ಲಿ ‘ನಿ ಯೆ ಛ್ಯು ಬು ಛ್ಯು?’ ಯಾಕೆ ತಪ್ಪು?

ನಿಮ್ಮ ಪ್ರಶ್ನೆ ಇದು: ‘ನಿ ಯೆ ಛ್ಯು ಮಾ?’ (ನೀನೂ ಹೋಗ್ತೀಯಾ?) ಸರಿಯಾದರೆ, ‘ನಿ ಛ್ಯು ಬು ಛ್ಯು?’ (ಹೋಗ್ತೀಯೋ ಇಲ್ವೋ?) ಕೂಡ ಸರಿಯಾದರೆ, ‘ನಿ ಯೆ ಛ್ಯು ಬು ಛ್ಯು?’ ಮಾತ್ರ ಯಾಕೆ ತಪ್ಪು? ಕನ್ನಡದಲ್ಲಿ ‘ನೀನೂ ಬರ್ತೀಯೋ ಇಲ್ವೋ?’ ಅಂತ ಸಲೀಸಾಗಿ ಕೇಳುತ್ತೇವೆ, ಆದ್ದರಿಂದ ನಮ್ಮವರು ಇಲ್ಲಿ ಎಡವುವುದು ಸಹಜ. (‘ನಿ’ ಅಂದರೆ ನೀನು, ‘ಯೆ’ ಕೂಡ, ‘ಛ್ಯು’ ಹೋಗು, ‘ಬು’ ಇಲ್ಲ. ಸ್ವರಗಳ ಏರಿಳಿತದ ಗುರುತು ಹಾಕಿಲ್ಲ.)

‘ಮಾ’ ವಾಕ್ಯದ ಕೊನೆಗೆ ಕೂತು ಇಡೀ ವಾಕ್ಯವನ್ನೇ ಪ್ರಶ್ನೆಯಾಗಿಸುತ್ತದೆ, ಒಳಗೆ ‘ಯೆ’ಯಂತಹ ಕ್ರಿಯಾವಿಶೇಷಣ ಇದ್ದರೂ ಅದಕ್ಕೆ ತಕರಾರಿಲ್ಲ. ‘ಛ್ಯು ಬು ಛ್ಯು’ ಹಾಗಲ್ಲ. ಅದು ಉತ್ತರಿಸುವವರ ಮುಂದೆ ಎರಡು ಉತ್ತರ ಇಟ್ಟು ಒಂದನ್ನು ಆರಿಸಿ ಅನ್ನುತ್ತದೆ. ಈಗ ‘ಯೆ’ ಸೇರಿಸಿ ಎರಡನ್ನೂ ಬಿಡಿಸಿ ನೋಡಿ. ‘ಯೆ ಛ್ಯು’ ಅಂದರೆ ಬೇರೆ ಯಾರೋ ಹೋಗುತ್ತಿದ್ದಾರೆ, ನೀನೂ ಹೋಗ್ತೀಯ. ‘ಯೆ ಬು ಛ್ಯು’ ಅಂದರೆ ಬೇರೆ ಯಾರೋ ಹೋಗುತ್ತಿಲ್ಲ, ನೀನೂ ಹೋಗಲ್ಲ. ಎರಡರ ಹಿನ್ನೆಲೆಯೇ ಬೇರೆ, ಜೋಡಿ ಕೂಡುವುದಿಲ್ಲ. ‘ದೋವ್’ (ಎಲ್ಲರೂ) ಕಥೆಯೂ ಇದೇ: ‘ದೋವ್ ಛ್ಯು’ ಎಲ್ಲರೂ ಹೋಗ್ತಾರೆ, ‘ದೋವ್ ಬು ಛ್ಯು’ ಒಬ್ಬರೂ ಹೋಗಲ್ಲ. ಅರ್ಧ ಜನ ಹೋಗುವವರಿದ್ದರೆ ಏನಂತ ಉತ್ತರಿಸೋದು?

ಸರಿಪಡಿಸಲು ಎರಡು ದಾರಿ. ಒಂದು, ‘ಮಾ’ಗೆ ಮರಳಿ: ‘ನಿಮನ್ ದೋವ್ ಛ್ಯು ಮಾ?’ (ನೀವೆಲ್ಲರೂ ಹೋಗ್ತೀರಾ?) ಇನ್ನೊಂದು, ಕ್ರಿಯಾವಿಶೇಷಣಕ್ಕಿಂತ ಮುಂಚೆ ‘ಶಿ ಬು ಶಿ’ (ಹೌದೋ ಅಲ್ವೋ) ಇಡಿ: ‘ನಿ ಶಿ ಬು ಶಿ ಯೆ ಛ್ಯು?’ ಆದರೆ ಇದರ ಧಾಟಿ ಬೇರೆ. ‘ನೀನೂ ಹೋಗ್ತೀಯ ಅಲ್ವಾ?’ ಅನ್ನೋ ಊಹೆ ಇದರಲ್ಲಿ ಇಣುಕುತ್ತದೆ. ಏನೂ ಗೊತ್ತಿಲ್ಲದೆ ಕೇಳುವಾಗ ‘ಮಾ’ ಮೇಲು.

‘ಹೆನ್’ (ತುಂಬಾ) ಕೂಡ ಸೇರದು. ‘ನಿ ಹೆನ್ ಮಾಂಗ್ ಬು ಮಾಂಗ್?’ ತಪ್ಪು, ‘ಹೆನ್’ ಕಿತ್ತುಹಾಕಿ ‘ನಿ ಮಾಂಗ್ ಬು ಮಾಂಗ್?’ (ಬಿಡುವಿಲ್ವಾ?) ಅನ್ನಿ. ‘ಮಿಂಗ್ ತ್ಯೆನ್’ (ನಾಳೆ) ತರಹದ ಕಾಲಸೂಚಕಗಳಿಗೆ ಅಡ್ಡಿಯಿಲ್ಲ, ಹೋದರೂ ಹೋಗದಿದ್ದರೂ ನಾಳೆ ನಾಳೆಯೇ.

ತದ್ವಿರುದ್ಧ ನಡೆಯುವುದು ‘ದಾವ್ ದಿ’, ಅಂದರೆ ‘ಅದೇನು ಅಂತ ಒಂದು ಹೇಳು’ ಅನ್ನೋ ಒತ್ತಾಯ. ‘ನಿ ದಾವ್ ದಿ ಛ್ಯು ಬು ಛ್ಯು?’ ಸರಿ, ‘ನಿ ದಾವ್ ದಿ ಛ್ಯು ಮಾ?’ ತಪ್ಪು. ಆರಿಸಲು ಆಯ್ಕೆಗಳು ಎದುರಿಗಿರಬೇಕು, ಇಲ್ಲವೇ ಯಾರು, ಏನು ಎಂಬ ಪ್ರಶ್ನಪದ ಇರಬೇಕು. ಆ ಪ್ರಶ್ನಪದ ‘ದಾವ್ ದಿ’ಯ ನಂತರವೇ ಬರಬೇಕು: ‘ದಾವ್ ದಿ ಶೇ ಛ್ಯು?’ (ಯಾರು ಹೋಗ್ತಾರೆ ಹೇಳಿ) ಸರಿ, ‘ಶೇ ದಾವ್ ದಿ ಛ್ಯು?’ ಅಲ್ಲ. ‘ನಾನ್ ದಾವ್’ ಇದಕ್ಕೆ ಉಲ್ಟಾ, ‘ಮಾ’ ಜೊತೆಗೇ ಅದರ ಸ್ನೇಹ: ‘ನಾನ್ ದಾವ್ ನಿ ಬು ಛ್ಯು ಮಾ?’ ಅಂದರೆ ‘ಹೋಗೋದೇ ಇಲ್ಲ ಅಂತೀಯಾ?’ ಉತ್ತರ ಬಯಸದ, ಅಚ್ಚರಿಯ ಪ್ರಶ್ನೆ. ಅದರೊಂದಿಗೆ ‘ಛ್ಯು ಬು ಛ್ಯು’ ಬಾರದು.

ಇನ್ನು ‘ಛ್ಯು ಬು ಛ್ಯು ಮಾ?’ ಅಂತ ಎರಡನ್ನೂ ಹೆಣೆಯಬೇಡಿ. ಕೊನೆಗೆ ಏನಾದರೂ ಬೇಕೆನಿಸಿದರೆ ‘ನ’ ಹಾಕಿ: ‘ನಿ ಛ್ಯು ಬು ಛ್ಯು ನ?’